ಹಳ್ಳಿಗುಡಿಯ ಎರೆ ಹೊಲ ಮತ್ತು ನಮ್ಮ ಭಾಗಕ್ಕೆ ಬಾರದ ಕಾರ್ಖಾನೆ

ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನಲ್ಲಿ ಹಳ್ಳಿಗುಡಿ ಅಂತ ಒಂದು ಊರಿದೆ. 2010ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಜಾಗತಿಕ ಹೂಡಿಕೆದಾರರ ಸಮಾವೇಶ ನಡೆದಾಗ ಆ ಊರಿನ ಹೆಸರು ಒಮ್ಮೆಲೇ ಪೇಪರಿನ ಮುಖಪುಟಕ್ಕೆ ಬಂತು. ದಕ್ಷಿಣ ಕೊರಿಯಾದ ಪೋಸ್ಕೋ ಕಂಪನಿ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ 60 ಲಕ್ಷ ಟನ್ ಉಕ್ಕು, 32,336 ಕೋಟಿ ರೂಪಾಯಿ ಹೂಡಿಕೆ. ಬೇಕಾದ ಜಾಗ 3,382 ಎಕರೆ.

ಜಾಗ ಅಂದರೆ ಎರೆ ಹೊಲ, ಕಪ್ಪು ಮಣ್ಣಿನ ಭೂಮಿ. ಅಲ್ಲಿನ ರೈತರು ಕೊಡುವುದಿಲ್ಲ ಅಂದರು. ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಅವರ ಬೆನ್ನಿಗೆ ನಿಂತರು. 2011ರ ಜುಲೈನಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಭೂಸ್ವಾಧೀನ ನಿಲ್ಲಿಸಲು ಹೇಳಿದರು. 2013ರ ಜುಲೈನಲ್ಲಿ ಪೋಸ್ಕೋ ಯೋಜನೆಯನ್ನೇ ಕೈಬಿಟ್ಟಿತು.

ನಾನು ಧಾರವಾಡದವ. ಆಗ ಇಲ್ಲಿ ಎರಡು ಮಾತು ಕೇಳುತ್ತಿದ್ದವು. ಹೊಲ ಉಳೀತಲ್ಲ, ಅಷ್ಟೇ ಸಾಕು ಅನ್ನುವವರು ಕೆಲವರು. ಮಕ್ಕಳು ಇನ್ನೂ ಎಷ್ಟು ವರ್ಷ ಪುಣೆ, ಬೆಂಗಳೂರಿನ ಬಸ್ಸು ಹತ್ತಬೇಕು ಅನ್ನುವವರು ಇನ್ನು ಕೆಲವರು. ಎರಡೂ ನಿಜವೇ. ಆದರೆ 'ರೈತರು ಅಡ್ಡ ಬಂದರು, ಬಂಡವಾಳ ಹೋಯಿತು' ಎಂದು ಇಡೀ ಕಥೆಯನ್ನು ಒಂದೇ ಸಾಲಿನಲ್ಲಿ ಮುಗಿಸುವುದನ್ನು ನಾನು ಒಪ್ಪುವುದಿಲ್ಲ.

ಮೊದಲು ಕಾನೂನು ನೋಡಿ. ಕೈಗಾರಿಕೆಗೆ ಜಮೀನು ಪಡೆಯಲು ಬಳಸುವ 1966ರ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಾಯ್ದೆಯ 28(1)ನೇ ಕಲಮಿನಡಿ ಸರ್ಕಾರ ಮೊದಲು ನೋಟಿಫಿಕೇಶನ್ ಹೊರಡಿಸುತ್ತದೆ. ಆಮೇಲೆ ರೈತರಿಗೆ ನೋಟಿಸ್, ತಕರಾರು ಅರ್ಜಿ, ವಿಚಾರಣೆ. ಕೊನೆಗೆ 28(4)ರ ಅಂತಿಮ ಘೋಷಣೆ. ಅಂದರೆ ಯಾವ ಸರ್ವೆ ನಂಬರ್ ಬೇಕು ಅಂತ ಮೊದಲೇ ಬರೆದಾಗಿರುತ್ತದೆ, ಹೊಲದವನ ಮಾತು ಕೇಳುವುದು ಆಮೇಲೆ. ತನ್ನ ಉತಾರದ (ಪಹಣಿಯ) ಮೇಲೆ ಬೇರೆಯವರ ಕಣ್ಣು ಬಿದ್ದಿದೆ ಅಂತ ಆ ಹೊತ್ತಿಗೆ ಗೊತ್ತಾದರೆ ಯಾರು ಸುಮ್ನೆ ಇರುತ್ತಾರೆ?

ನಮ್ಮ ಭಾಗಕ್ಕೆ ಇದರ ನೆನಪು ಹಳೆಯದು. 1980ರ ದಶಕದಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಎಂಬ ಖಾಸಗಿ ಕಂಪನಿ ಸೇರಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ 30,000 ಹೆಕ್ಟೇರ್ ಜಮೀನು ಕೊಡುವ ಯೋಜನೆ ಬಂತು. ದನ ಮೇಯುತ್ತಿದ್ದ, ಹಳ್ಳಿ ಮಂದಿ ಕಟ್ಟಿಗೆ ತರುತ್ತಿದ್ದ ಜಾಗದಲ್ಲಿ ನೀಲಗಿರಿ ಬೆಳೆಸುವುದು ಅದರ ಉದ್ದೇಶ. 1987ರ ನವೆಂಬರ್‌ನಲ್ಲಿ ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ಅದೇ 'ಕಿತ್ತಿಕೋ-ಹಚ್ಚಿಕೋ' ಚಳವಳಿ. ಅಲ್ಲಿ ವಿದೇಶಿ ಕಂಪನಿ ಇರಲಿಲ್ಲ. ಆದರೂ ಸಿಟ್ಟಿನ ಕಾರಣ ಒಂದೇ: ನಮ್ಮನ್ನು ಕೇಳಲಿಲ್ಲ.

ಪೋಸ್ಕೋ ವಿಷಯದಲ್ಲಿ ಅದಿರಿನ ಪ್ರಶ್ನೆಯೂ ಇತ್ತು, ಅದನ್ನು ಮರೆಯುವವರೇ ಜಾಸ್ತಿ. ಉಕ್ಕಿನ ಕಾರ್ಖಾನೆಗೆ ಜಾಗದಷ್ಟೇ ಗಣಿಯೂ ಬೇಕು. 2011ರ ಜುಲೈ ಕೊನೆಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಅಕ್ರಮ ಗಣಿಗಾರಿಕೆಯ ವರದಿ ಬಂತು. ಅದೇ ವಾರ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಹಳ್ಳಿಗುಡಿಯ ಹೊಲಗಳೆಲ್ಲ ಸಿಕ್ಕಿದ್ದರೂ ಅದಿರು ಎಲ್ಲಿಂದ ಬರುತ್ತಿತ್ತು?

ಒಡಿಶಾದಲ್ಲೂ ಹೀಗೇ ಆಯಿತು. 2005ರಲ್ಲಿ ಪೋಸ್ಕೋ ಅಲ್ಲಿ ಸುಮಾರು 52,000 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತ್ತು. ಜಮೀನು, ಗಣಿ, ಅರಣ್ಯ ಅನುಮತಿ ಅಂತ ವರ್ಷಗಳೇ ಉರುಳಿದವು. 2017ರಲ್ಲಿ ಅಲ್ಲಿಂದಲೂ ಹೊರಬಂತು. ಸಮಾವೇಶದ ವೇದಿಕೆಯಲ್ಲಿ ಸಹಿಯಾದ ಹಾಳೆ ಬರೀ ಮಾತುಕತೆಯ ಆರಂಭ. ನಾವು ಅದನ್ನೇ ಹೂಡಿಕೆ ಅಂತ ಎಣಿಸುತ್ತೇವೆ.

ಹಾಗಾದರೆ ವಿದೇಶಿ ಕಂಪನಿಗಳು ಇಲ್ಲಿಗೆ ಬಂದೇ ಇಲ್ಲವಾ? ಬಂದಿವೆ, ಬೇರೆ ದಾರಿಯಿಂದ. ಧಾರವಾಡದಲ್ಲಿ ಟಾಟಾ ಹಿಟಾಚಿಯ ಮಣ್ಣು ಅಗೆಯುವ ಯಂತ್ರಗಳು ತಯಾರಾಗುತ್ತವೆ. ಜಪಾನಿನ ಹಿಟಾಚಿ ಮೊದಲು ಟಾಟಾಗೆ ತಂತ್ರಜ್ಞಾನ ಕೊಟ್ಟಿತು, ಆಮೇಲೆ ಪಾಲುದಾರನಾಯಿತು, 2010ರಲ್ಲಿ ಪಾಲನ್ನು ಶೇ. 60ಕ್ಕೆ ಏರಿಸಿಕೊಂಡಿತು. ಬ್ರೆಜಿಲ್‌ನ ಮಾರ್ಕೋಪೋಲೋ 2006ರಲ್ಲಿ ಟಾಟಾ ಮೋಟಾರ್ಸ್ ಜೊತೆ ಶೇ. 49ರ ಪಾಲು ಹಾಕಿತು, ಆಮೇಲೆ ಧಾರವಾಡದಲ್ಲಿ ಬಸ್ ಕಟ್ಟತೊಡಗಿತು. ಇಬ್ಬರೂ ಇಲ್ಲಿನ ರೀತಿ-ರಿವಾಜು ಗೊತ್ತಿದ್ದವರ ಕೈ ಹಿಡಿದು ಬಂದರು. ಒಮ್ಮೆಗೇ 3,000 ಎಕರೆ ಕೇಳಲಿಲ್ಲ.

ಅವರು ಬರುವ ಮೊದಲೇ ಇಲ್ಲಿ ಕೆಲಸ ಬಲ್ಲ ಕೈಗಳಿದ್ದವು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್ 19ನೇ ಶತಮಾನದ್ದು. ಬಿವಿಬಿ ಇಂಜಿನಿಯರಿಂಗ್ ಕಾಲೇಜು 1947ರದ್ದು. ಗೋಕುಲ ರಸ್ತೆ, ತಾರಿಹಾಳದ ಶೆಡ್ಡುಗಳಲ್ಲಿ ವಾಲ್ವ್, ಕಾಸ್ಟಿಂಗ್, ಜಾಬ್ ವರ್ಕ್ ಮಾಡುವವರು ಇದ್ದಾರೆ. ಹೊರಗಿನ ಕಂಪನಿ ಜಾಗ ನೋಡಲು ಬಂದಾಗ ಬಿಡಿಭಾಗ ಮಾಡಿಕೊಡುವವರು ಪಕ್ಕದಲ್ಲೇ ಇದ್ದಾರಾ ಅಂತ ಕೇಳುತ್ತದೆ. ತೆರಿಗೆ ವಿನಾಯಿತಿಯನ್ನು ಯಾವ ರಾಜ್ಯವೂ ಕೊಡಬಹುದು. 20 ವರ್ಷ ಲೇಥ್ ಮೇಲೆ ಕೈ ಪಳಗಿಸಿಕೊಂಡವನನ್ನು ಸರ್ಕಾರಿ ಆದೇಶದಿಂದ ತರಲು ಆಗುವುದಿಲ್ಲ. ಈ ಶೆಡ್ಡುಗಳ ಬಗ್ಗೆ ನಮ್ಮ ಸಮಾವೇಶಗಳಲ್ಲಿ ಇಷ್ಟು ಕಡಿಮೆ ಮಾತಾಡುತ್ತಾರಲ್ಲ, ಅದು ನನಗೆ ನಿಜಕ್ಕೂ ನೋವಿನ ವಿಷಯ.

2020ರ ಫೆಬ್ರವರಿಯಲ್ಲಿ ಹುಬ್ಬಳ್ಳಿಯಲ್ಲೇ ಹೂಡಿಕೆದಾರರ ಸಮಾವೇಶ ನಡೆಯಿತು. ವಿಮಾನ ನಿಲ್ದಾಣ ದೊಡ್ಡದಾಗಿತ್ತು, ಧಾರವಾಡಕ್ಕೆ ಐಐಟಿ ಬಂದಿತ್ತು. ಆದರೆ ಪುಣೆ-ಬೆಂಗಳೂರು ಹೆದ್ದಾರಿ ಆಚೆ ಈಚೆ ಅಗಲವಾಗಿದ್ದರೂ ಹುಬ್ಬಳ್ಳಿ-ಧಾರವಾಡ ಬೈಪಾಸಿನ ಸುಮಾರು 30 ಕಿಲೋಮೀಟರ್ ಮಾತ್ರ ಆಗ ಎರಡೇ ಪಥದ್ದಾಗಿತ್ತು. ಅಲ್ಲಿ ಎಷ್ಟು ಜೀವ ಹೋದವು! ಅದನ್ನು ಅಗಲ ಮಾಡುವ ಕೆಲಸಕ್ಕೆ ಶಂಕುಸ್ಥಾಪನೆ ಆಗಿದ್ದು 2022ರಲ್ಲಿ.

ಬಂದರಿನ ಕಥೆ ಇನ್ನೂ ಉದ್ದ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯನ್ನು ಗೋವಾದ ಮರ್ಮಗೋವಾ ಬಂದರಿಗೆ ಜೋಡಿಸಿತು. ಧಾರವಾಡ, ಗದಗದ ಹತ್ತಿ ಹಡಗು ಹತ್ತಬೇಕಿತ್ತು. ನಮ್ಮದೇ ಕರಾವಳಿಗೆ ಹೋಗಬೇಕಾದ ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗದ ಕನಸು 1990ರ ದಶಕದ ಕೊನೆಯಿಂದ ಹಾಗೇ ಇದೆ. ಅದರ ಹಾದಿಯಲ್ಲಿ ಪಶ್ಚಿಮ ಘಟ್ಟದ ದಟ್ಟ ಕಾಡಿದೆ. ಆ ಕಾಡಿನ ಪರವಾಗಿ ನಿಂತವರನ್ನು ನಾನು ತಪ್ಪು ಅನ್ನಲಾರೆ. ಆದರೆ ಆಗುತ್ತದೋ ಇಲ್ಲವೋ ಅಂತ ಗೊತ್ತಿಲ್ಲದ ಮಾರ್ಗವನ್ನು ನಂಬಿ ಯಾವ ಕಂಪನಿಯೂ ಲೆಕ್ಕ ಹಾಕುವುದಿಲ್ಲ.

ಜಮೀನಿನ ಜಗಳ ಉತ್ತರ ಕರ್ನಾಟಕದ್ದಷ್ಟೇ ಅಲ್ಲ. 2025ರ ಜುಲೈನಲ್ಲಿ ದೇವನಹಳ್ಳಿ ತಾಲ್ಲೂಕಿನ 1,777 ಎಕರೆ ಸ್ವಾಧೀನವನ್ನೂ ಸರ್ಕಾರ ಕೈಬಿಟ್ಟಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ರೈತರು ಧರಣಿ ಕೂತಿದ್ದರು. ಸ್ವಇಚ್ಛೆಯಿಂದ ಕೊಡುವವರ ಜಮೀನನ್ನು ಮಾತ್ರ ತೆಗೆದುಕೊಳ್ಳುತ್ತೇವೆ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆಗ ಹೇಳಿದರು. ಹಳ್ಳಿಗುಡಿಯ ರೈತರಿಗೆ 2010ರಲ್ಲಿ, ಒಪ್ಪಂದಕ್ಕೆ ಸಹಿ ಬೀಳುವ ಮೊದಲು, ಯಾರೂ ಹೇಳದೇ ಇದ್ದ ಮಾತು ಇದೇ.