ಯಾವ ಲೆನ್ಸ್ ಅಂತ ಕೇಳೋ ಮುಂಚೆ ಎಷ್ಟು ದೂರ ಅಂತ ಕೇಳ್ಕೊಳ್ಳಿ

ಪೊರೆ ಅಂದ್ರೆ ನಮಗೆ ಮೊದಲು ನೆನಪಾಗೋದು ಹಾವಿನ ಪೊರೆ, ಮೇಲಿಂದ ಕಳಚಿ ಬೀಳೋ ಅಂಥದ್ದು. ಅದಕ್ಕೇ ಇರ್ಬೇಕು, ಕಣ್ಣಿಗೆ ಪೊರೆ ಬಂದಿದೆ ಅಂದ ಕೂಡ್ಲೇ ಎಷ್ಟೋ ಜನ ಕಣ್ಣಿನ ಮೇಲೆ ಏನೋ ತೆಳು ಪದರ ಬೆಳ್ಕೊಂಡಿದೆ, ಡಾಕ್ಟ್ರು ಅದನ್ನ ಕೆರೆದು ತೆಗೀತಾರೆ, ಅಲ್ಲಿಗೆ ಮುಗೀತು ಅನ್ಕೊಂಡಿರ್ತಾರೆ. ನಮ್ಮ ದೊಡ್ಡಮ್ಮನೂ ಹಾಗೇ ಅನ್ಕೊಂಡಿದ್ರು. ನಿಜ ಹೇಳ್ಬೇಕಂದ್ರೆ ಮೇಲೆ ಏನೂ ಬೆಳೆದಿರಲ್ಲ, ಪಾಪೆ ಹಿಂದೆ ಹುಟ್ಟಿದಾಗಿಂದ ಇರೋ ಲೆನ್ಸೇ ಮಬ್ಬಾಗಿರುತ್ತೆ. ಅದನ್ನ ತೆಗೆದ ಮೇಲೆ ಆ ಜಾಗಕ್ಕೆ ಇನ್ನೊಂದು ಲೆನ್ಸ್ ಹಾಕ್ಲೇಬೇಕು, ಯಾವ ಲೆನ್ಸ್ ಅನ್ನೋ ಪ್ರಶ್ನೆ ಹುಟ್ಟೋದೇ ಅಲ್ಲಿಂದ.

ಹುಟ್ಟಿದಾಗಿಂದ ಇರೋ ಲೆನ್ಸ್ ವಿಚಿತ್ರವಾದ ಅಂಗ. ರಕ್ತನಾಳ ಇಲ್ಲ, ಹೊಸ ಪದರಗಳು ಹೊರಗಡೆಯಿಂದ ಸೇರ್ತಾ ಹೋಗುತ್ತವೆ, ಹಳೇದು ಯಾವುದೂ ಉದುರಿ ಹೋಗಲ್ಲ. ಚರ್ಮ, ಕೂದಲು ಎಲ್ಲ ಬದಲಾಗ್ತಾನೇ ಇದ್ರೂ ಲೆನ್ಸಿನ ನಡುವಿನ ಜೀವಕೋಶಗಳು ಮಾತ್ರ ನಾವು ಹುಟ್ಟೋಕೆ ಮುಂಚಿನವು. ಅದರೊಳಗಿನ ಕ್ರಿಸ್ಟಲಿನ್ ಅನ್ನೋ ಪ್ರೊಟೀನ್ ಒತ್ತೊತ್ತಾಗಿ ಒಪ್ಪವಾಗಿ ಕೂತಿರೋದ್ರಿಂದಲೇ ಬೆಳಕು ಸಲೀಸಾಗಿ ದಾಟುತ್ತೆ, ವಯಸ್ಸಾಗ್ತಾ ಆ ಪ್ರೊಟೀನ್‌ಗಳು ಕೆಟ್ಟು ಒಂದಕ್ಕೊಂದು ಅಂಟ್ಕೊಂಡು ಗಂಟಾಗುತ್ತವೆ, ಬೆಳಕು ಚದುರುತ್ತೆ. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ತುಂಬಾ ದಿನ ತಗೊಂಡ ಸ್ಟೀರಾಯ್ಡ್, ಬಿಸಿಲಿನ ಅಲ್ಟ್ರಾವಯೊಲೆಟ್ ಕಿರಣ ಇವೆಲ್ಲ ಇದನ್ನ ಬೇಗ ತರುತ್ತವೆ. ಡ್ರಾಪ್ಸ್ ಹಾಕಿ ಕರಗಿಸ್ತೀವಿ ಅನ್ನೋರ ಮಾತು ನಂಬ್ಬೇಡಿ, ಅಂಥ ಔಷಧಿ ಇನ್ನೂ ಬಂದಿಲ್ಲ.

ದೊಡ್ಡಮ್ಮ ಜೀವನಪೂರ್ತಿ ಬಟ್ಟೆ ಹೊಲಿದೋರು. ಅರವತ್ತೆಂಟನೇ ವಯಸ್ಸಲ್ಲಿ ಒಂದಿನ ಚಾಳೀಸು ಪಕ್ಕಕ್ಕಿಟ್ಟು, "ನೋಡೋ, ಕನ್ನಡಕ ಇಲ್ದೇನೇ ಸೂಜಿಗೆ ದಾರ ಪೋಣಿಸ್ತೀನಿ" ಅಂತ ಮಾಡಿ ತೋರ್ಸಿದ್ರು. ನಾವೆಲ್ಲ ಖುಷಿ ಪಟ್ವಿ. ಅದು ಪೊರೆ ಶುರುವಾಗಿದ್ದರ ಗುರುತು ಅಂತ ಆಗ ಯಾರಿಗೂ ಗೊತ್ತಾಗ್ಲಿಲ್ಲ. ಲೆನ್ಸಿನ ನಡುಭಾಗ ಗಟ್ಟಿಯಾಗ್ತಾ ಬಂದ್ರೆ ಅದರ ಪವರ್ ಏರುತ್ತೆ, ಕಣ್ಣು ಮೈನಸ್ ಕಡೆ ಜಾರುತ್ತೆ, ಹತ್ತಿರದ್ದು ಸ್ವಲ್ಪ ಕಾಲ ಕನ್ನಡಕ ಇಲ್ದೇ ಕಾಣುತ್ತೆ, ದೂರದ್ದು ಮಸುಕಾಗ್ತಾ ಹೋಗುತ್ತೆ.

ಇನ್ನೊಂದು ಹಳೇ ಮಾತಿದೆ, ಪೊರೆ ಹಣ್ಣಾಗ್ಲಿ ಆಮೇಲೆ ತೆಗೆಸೋಣ ಅಂತ. ಈಗ ಹಾಗೆ ಕಾಯ್ಬೇಕಾಗಿಲ್ಲ, ಕಾದಷ್ಟೂ ಲೆನ್ಸ್ ಕಲ್ಲಾಗಿ ಅದನ್ನ ಒಡೆಯೋಕೆ ಜಾಸ್ತಿ ಅಲ್ಟ್ರಾಸೌಂಡ್ ಬೇಕಾಗುತ್ತೆ, ಅದು ಕಾರ್ನಿಯಾದ, ಅಂದ್ರೆ ಕಣ್ಣಿನ ಮುಂದಿರೋ ಗಾಜಿನಂಥ ಪದರದ, ಒಳಭಾಗಕ್ಕೆ ಒಳ್ಳೇದಲ್ಲ. ಹಾಗಂತ ಓಡೋಗಿ ಮಾಡಿಸ್ಕೊಳ್ಳೋ ಅವಸರವೂ ಹೆಚ್ಚಿನವರಿಗೆ ಇರಲ್ಲ. ಓದೋಕೆ, ರಾತ್ರಿ ಗಾಡಿ ಓಡಿಸೋಕೆ, ಮೆಟ್ಟಿಲು ಇಳಿಯೋಕೆ ತೊಂದ್ರೆ ಆಗ್ತಿದೆಯಾ, ಆಗ ಸಮಯ ಬಂತು ಅಂತ.

ಆಪರೇಷನ್ನಿನಲ್ಲಿ ಕಾರ್ನಿಯಾದ ಅಂಚಿನಲ್ಲಿ ಎರಡೂವರೆ ಮಿಲಿಮೀಟರ್ ಆಸುಪಾಸು ಸೀಳು ಮಾಡ್ತಾರೆ, ಸಾಮಾನ್ಯವಾಗಿ ಹೊಲಿಗೆ ಬೇಕಾಗಲ್ಲ. ಲೆನ್ಸ್ ಒಂದು ತೆಳು ಚೀಲದೊಳಗೆ ಇರುತ್ತೆ, ಆ ಚೀಲದ ಮುಂಭಾಗದಲ್ಲಿ ಸುಮಾರು 5 ಮಿಲಿಮೀಟರ್ ದುಂಡಗೆ ಬಿಡಿಸಿ, ಅಲ್ಟ್ರಾಸೌಂಡಲ್ಲಿ ಅದುರೋ ಸೂಜಿಯಿಂದ ಲೆನ್ಸನ್ನ ಪುಡಿ ಮಾಡಿ ಹೀರ್ಕೋತಾರೆ. ಈ ವಿಧಾನ ತಂದವರು ಅಮೆರಿಕದ ಕಣ್ಣಿನ ಡಾಕ್ಟ್ರು ಚಾರ್ಲ್ಸ್ ಕೆಲ್ಮನ್, 1967ರಲ್ಲಿ, ಹಲ್ಲಿನ ಡಾಕ್ಟ್ರ ಕ್ಲೀನಿಂಗ್ ಉಪಕರಣ ನೋಡಿ ಅವರಿಗೆ ಹೊಳೆದ ಐಡಿಯಾ ಇದು. ಚೀಲದ ಹಿಂಭಾಗ ಮಾತ್ರ ಹಾಗೇ ಉಳೀಬೇಕು, ಅದರ ನಡುವೆ ದಪ್ಪ ಬರೀ 4 ಮೈಕ್ರಾನ್ ಆಸುಪಾಸು. ಆಮೇಲೆ ಸುತ್ತಿಟ್ಟ ಹೊಸ ಲೆನ್ಸನ್ನ ಅದೇ ಸೀಳಿನಿಂದ ಒಳಗೆ ತಳ್ತಾರೆ, ಅದು ಚೀಲದೊಳಗೆ ನಿಧಾನಕ್ಕೆ ಬಿಚ್ಕೊಂಡು ಎರಡು ತೋಳು ಚಾಚಿ ಕೂತ್ಕೊಳ್ಳುತ್ತೆ.

ಕಣ್ಣೊಳಗೆ ಪ್ಲಾಸ್ಟಿಕ್ ಇಡ್ಬಹುದು ಅಂತ ಗೊತ್ತಾಗಿದ್ದು ಯುದ್ಧದಿಂದ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಪೈಲಟ್‌ಗಳ ಕಣ್ಣಿಗೆ ಕಾಕ್‌ಪಿಟ್ಟಿನ ಅಕ್ರಿಲಿಕ್ ಚೂರು ಹೊಕ್ಕಿದ್ರೂ ಕಣ್ಣು ಅದನ್ನ ಸಹಿಸ್ಕೊಂಡಿದ್ದನ್ನ ಅಲ್ಲಿನ ಕಣ್ಣಿನ ಡಾಕ್ಟ್ರು ಹೆರಾಲ್ಡ್ ರಿಡ್ಲೆ ಗಮನಿಸಿದ್ರು, 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ಲೆನ್ಸ್ ಹಾಕಿದ್ರು. ಆದ್ರೆ ಪವರ್ ಲೆಕ್ಕ ತಪ್ಪಿ ಆ ಪೇಶೆಂಟ್‌ಗೆ ಭಾರಿ ಮೈನಸ್ ಬಂತು. ಇದನ್ನ ಹೇಳೋಕೆ ಕಾರಣ ಇದೆ, ಈಗ್ಲೂ ರಿಸಲ್ಟ್ ಚೆನ್ನಾಗಿ ಬರೋದು ಅರ್ಧ ಆಪರೇಷನ್ ಟೇಬಲ್ ಮೇಲಾದ್ರೆ ಇನ್ನರ್ಧ ಅದಕ್ಕೂ ಮುಂಚೆ ಮಾಡೋ ಅಳತೆಯಲ್ಲಿ. ಕಣ್ಣಿನ ಉದ್ದ ಸರಾಸರಿ 23.5 ಮಿಲಿಮೀಟರ್, ಆ ಅಳತೆ ಒಂದೇ ಮಿಲಿಮೀಟರ್ ತಪ್ಪಿದ್ರೂ ಎರಡೂವರೆ ಮೂರು ಪವರ್ ಹೆಚ್ಚುಕಮ್ಮಿ ಆಗುತ್ತೆ. ಕಾಂಟ್ಯಾಕ್ಟ್ ಲೆನ್ಸ್ ಹಾಕೋರು ಡಾಕ್ಟ್ರು ಹೇಳಿದಷ್ಟು ದಿನ ಬಿಟ್ಟು ಅಳತೆಗೆ ಹೋಗಿ, ಹಿಂದೆ ಲೇಸಿಕ್ (ಕನ್ನಡಕ ಬಿಡಿಸೋ ಲೇಸರ್ ಆಪರೇಷನ್) ಆಗಿದ್ರೆ ತಪ್ಪದೇ ಹೇಳಿ, ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಮಾತ್ರೆ ತಗೊಂಡಿದ್ರೆ, ಈಗ ನಿಲ್ಸಿದ್ರೂ ಸರಿ, ಹೇಳ್ಲೇಬೇಕು, ಅದು ಆಪರೇಷನ್ ಟೈಮಲ್ಲಿ ಪಾಪೆ ಸುತ್ತಲಿನ ಬಣ್ಣದ ಪದರವನ್ನ ಸಡಿಲ ಮಾಡುತ್ತೆ.

ಇನ್ನು ಲೆನ್ಸ್ ವಿಷಯ. ಮೋನೋಫೋಕಲ್ ಅಂದ್ರೆ ಒಂದೇ ದೂರಕ್ಕೆ ಚೆನ್ನಾಗಿ ಕಾಣೋದು, ಹೆಚ್ಚಿನವರಿಗೆ ದೂರಕ್ಕೆ ಹೊಂದಿಸ್ತಾರೆ, ಓದೋಕೆ ಕನ್ನಡಕ ಬೇಕು. ದೊಡ್ಡಮ್ಮನ ಮೊದಲ ಕಣ್ಣಿಗೆ ಹೀಗೇ ಮಾಡಿದ್ರು. ದಿನಾ ಏನು ಕೆಲಸ ಮಾಡ್ತೀರಮ್ಮ ಅಂತ ಯಾರೂ ಕೇಳ್ಲಿಲ್ಲ, ನಾವೂ ಹೇಳ್ಲಿಲ್ಲ. ಪಟ್ಟಿ ತೆಗೆದ ದಿನ ಕಿಟಕಿ ಆಚೆ ಮರದ ಎಲೆ ಒಂದೊಂದೂ ಕಾಣ್ತಿದೆ ಅಂದ್ರು, ಸೂಜಿ ಕೈಗೆ ತಗೊಂಡು ಸುಮ್ಮನಾಗ್ಬಿಟ್ರು. ಆಪರೇಷನ್ ಕೆಟ್ಟಿರ್ಲಿಲ್ಲ, ಅದು ಅಂದ್ಕೊಂಡ ಹಾಗೇ ಆಗಿತ್ತು, ಆದ್ರೆ ಅವರ ಬದುಕು ನಡೀತಿದ್ದಿದ್ದು ಕೈಯಳತೆ ದೂರದಲ್ಲಿ. ಎರಡನೇ ಕಣ್ಣಿಗೆ ಮುಂಚೆ ಕೂತು ಮಾತಾಡಿ ಮೈನಸ್ ಒಂದೂವರೆ ಉಳಿಯೋ ಹಾಗೆ ಲೆನ್ಸ್ ಹಾಕಿಸಿದ್ವಿ. ಒಂದು ಕಣ್ಣು ದೂರಕ್ಕೆ, ಒಂದು ಕಣ್ಣು ಹತ್ತಿರಕ್ಕೆ, ಮಿದುಳು ಎರಡನ್ನೂ ಹೊಂದಿಸ್ಕೊಳ್ಳುತ್ತೆ. ಈಗ ಬಟ್ಟೆ ಕತ್ತರಿಸೋದು, ಫೋನ್ ನೋಡೋದು ಕನ್ನಡಕ ಇಲ್ದೇ ನಡೆಯುತ್ತೆ, ಸೂಜಿಗೆ ದಾರ ಹಾಕೋಕೆ ಮಾತ್ರ ಬೇಕು. ಈ ವ್ಯತ್ಯಾಸಕ್ಕೆ ಒಗ್ಗದವರೂ ಇದ್ದಾರೆ, ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಮೊದ್ಲೇ ಪರೀಕ್ಷೆ ಮಾಡಿ ನೋಡ್ಬಹುದು.

ಟ್ರೈಫೋಕಲ್ ಲೆನ್ಸಿನಲ್ಲಿ ದೂರ, ನಡುವೆ, ಹತ್ತಿರ ಮೂರೂ ಸಿಗುತ್ತೆ. ಹೇಗೆ ಅಂದ್ರೆ ಲೆನ್ಸಿನ ಮೇಲೆ ಸಣ್ಣ ಸಣ್ಣ ಉಂಗುರ ಇರುತ್ತೆ, ಬಂದ ಬೆಳಕನ್ನ ಅದು ಹಂಚುತ್ತೆ. ಹಂಚಿದ ಮೇಲೆ ಪ್ರತಿ ದೂರಕ್ಕೂ ಸಿಗೋ ಬೆಳಕು ಕಮ್ಮಿನೇ, ಮಂದ ಬೆಳಕಲ್ಲಿ ಚಿತ್ರ ಸ್ವಲ್ಪ ಸಪ್ಪೆ, ರಾತ್ರಿ ಎದುರಿನ ಹೆಡ್‌ಲೈಟ್ ಸುತ್ತ ಬಳೆ ಬಳೆ ಕಾಣ್ಬಹುದು. ಹಲವರಿಗೆ ಕೆಲವು ತಿಂಗಳಲ್ಲಿ ಅಭ್ಯಾಸ ಆಗುತ್ತೆ, ಕೆಲವರಿಗೆ ಆಗೋದೇ ಇಲ್ಲ. ರೆಟಿನಾದ (ಕಣ್ಣಿನ ಹಿಂದೆ ಚಿತ್ರ ಮೂಡೋ ಪದರ) ನಡುಭಾಗ ಹಾಳಾಗಿರೋರಿಗೆ, ಕಣ್ಣಿನ ನರ ಹಾಳು ಮಾಡೋ ಗ್ಲಾಕೋಮಾ ಮುಂದುವರಿದಿರೋರಿಗೆ ಸಾಮಾನ್ಯವಾಗಿ ಇದು ಬೇಡ ಅಂತಾರೆ. ಇಡಿಒಎಫ್, ಅಂದ್ರೆ ಸ್ಪಷ್ಟವಾಗಿ ಕಾಣೋ ದೂರವನ್ನ ಹಿಗ್ಗಿಸೋ ಲೆನ್ಸ್, ನಡುವಿನ ದಾರಿ, ದೂರ ಮತ್ತು ಕಂಪ್ಯೂಟರ್ ದೂರ ಚೆನ್ನಾಗಿರುತ್ತೆ, ಸಣ್ಣ ಅಕ್ಷರಕ್ಕೆ ಕನ್ನಡಕ ಬೇಕಾಗ್ಬಹುದು. ಸಿಲಿಂಡರ್ ಪವರ್ (ಕಾರ್ನಿಯಾ ಒಂದು ಕಡೆ ಹೆಚ್ಚು ಬಾಗಿರೋದ್ರಿಂದ ಬರೋದು) ಜಾಸ್ತಿ ಇರೋರಿಗೆ ಅದನ್ನ ಸರಿ ಮಾಡೋ ಟೋರಿಕ್ ಲೆನ್ಸ್, ಅದು ಸರಿಯಾದ ಕೋನದಲ್ಲೇ ಕೂರ್ಬೇಕು, 30 ಡಿಗ್ರಿ ತಿರುಗಿದ್ರೆ ಸಿಲಿಂಡರ್ ಸರಿ ಮಾಡೋ ಪ್ರಯೋಜನವೇ ಹೋಯ್ತು. ದುಬಾರಿ ಲೆನ್ಸ್ ಅಂದ್ರೆ ಒಳ್ಳೇ ಲೆನ್ಸ್ ಅಂತಲ್ಲ, ರಾತ್ರಿ ಗಾಡಿ ಓಡಿಸೋ ಡ್ರೈವರ್‌ಗೆ ಸಾದಾ ಮೋನೋಫೋಕಲ್ಲೇ ಮೇಲಾಗ್ಬಹುದು ಅಂತ ನಾನು ಧೈರ್ಯವಾಗಿ ಹೇಳ್ತೀನಿ.

ಎರಡು ಆಪರೇಷನ್ ನಡುವೆ ದೊಡ್ಡಮ್ಮ ಒಂದು ಬಿಳೀ ಬಟ್ಟೆ ಹಿಡ್ಕೊಂಡು ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ, ಆಮೇಲೆ ಇದನ್ನ ಮುಚ್ಚಿ ಅದರಲ್ಲಿ ನೋಡ್ತಾ ಕೂತಿದ್ರು. ಹೊಸ ಕಣ್ಣಿಗೆ ಬಿಳಿ, ಹಳೇ ಕಣ್ಣಿಗೆ ಮಾಸಲು ಹಳದಿ. ಹಳೇ ಲೆನ್ಸ್ ಹಳದಿಯಾಗಿ ನೀಲಿ ಬೆಳಕನ್ನ ತಡೀತಿತ್ತು. "ಇಷ್ಟು ವರ್ಷ ಕಪ್ಪು ಅನ್ಕೊಂಡು ಕಡುನೀಲಿಗೆ ಕರೀ ದಾರ ಹಾಕಿದೀನಲ್ಲೋ" ಅಂತ ಬೇಜಾರು ಮಾಡ್ಕೊಂಡ್ರು.

ಆಪರೇಷನ್ ಆದ ಮೇಲೆ ನೋವು ಜಾಸ್ತಿಯಾಗಿ ಕಣ್ಣು ಕೆಂಪಾಗಿ ದೃಷ್ಟಿ ಕುಗ್ಗಿದ್ರೆ, ಇಲ್ಲಾ ಮಿಂಚು ಹೊಡೆದ ಹಾಗೆ, ಪರದೆ ಇಳಿದ ಹಾಗೆ ಕಂಡ್ರೆ ಅವತ್ತೇ ಹೋಗಿ, ನಾಳೆ ಅನ್ಬೇಡಿ. ವರ್ಷಗಳಾದ ಮೇಲೆ ಮತ್ತೆ ಮಬ್ಬಾದ್ರೆ ಗಾಬರಿ ಬೇಡ, ಪೊರೆ ಮತ್ತೆ ಬರಲ್ಲ, ಉಳಿಸಿದ ಹಿಂದಿನ ಚೀಲ ಮಸುಕಾಗಿರ್ಬಹುದು, ಡಾಕ್ಟ್ರು ನೋಡಿ ಅದೇ ಅಂದ್ರೆ ಯಾಗ್ ಲೇಸರಿನಲ್ಲಿ ಕೆಲವೇ ನಿಮಿಷದಲ್ಲಿ ಕಿಂಡಿ ಮಾಡ್ತಾರೆ. ಮನೆಗೆ ಹೊರಡೋವಾಗ ಲೆನ್ಸಿನ ಮಾಡೆಲ್, ಪವರ್ ಬರೆದಿರೋ ಕಾರ್ಡ್ ಕೊಡ್ತಾರೆ, ಕೊಡದಿದ್ರೆ ಕೇಳಿ ಇಸ್ಕೊಳ್ಳಿ, ಎರಡನೇ ಕಣ್ಣಿಗೆ ಪವರ್ ಹೊಂದಿಸೋವಾಗ ಡಾಕ್ಟ್ರು ಮೊದಲು ಕೇಳೋದೇ ಅದನ್ನ.