ಮಣ್ಣಿನ ರಸಾಯನದಲ್ಲಿ ಮನುಷ್ಯನ ಕೈವಾಡ: ಮರುಭೂಮಿ ಮತ್ತು ನಗರ

ಮರುಭೂಮಿಯ ಸುಣ್ಣಭರಿತ ಮಣ್ಣಿಗೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟರೆ ಅದು ಚುರ್ರೆಂದು ನೊರೆಯೇಳುತ್ತದೆ. ಹಳೆಯ ಕಟ್ಟಡ ಕೆಡವಿದ ನಗರದ ನಿವೇಶನದ ಮಣ್ಣೂ ಸಾಮಾನ್ಯವಾಗಿ ಹಾಗೆಯೇ ನೊರೆಯೇಳುತ್ತದೆ. ಎರಡರಲ್ಲೂ ಕ್ಯಾಲ್ಸಿಯಂ ಕಾರ್ಬೋನೇಟ್ ಇದೆ, ಎರಡೂ ಕ್ಷಾರೀಯ. ಆದರೆ ಮೊದಲನೆಯದರಲ್ಲಿ ಸುಣ್ಣ ಉಳಿದದ್ದು ಅದನ್ನು ತೊಳೆದು ಒಯ್ಯುವಷ್ಟು ಮಳೆ ಬೀಳದ ಕಾರಣಕ್ಕೆ, ಎರಡನೆಯದರಲ್ಲಿ ಸೇರಿದ್ದು ಗಾರೆ ಮತ್ತು ಕಾಂಕ್ರೀಟಿನ ಪುಡಿಯಿಂದ. ಆದ್ದರಿಂದ ನಗರದ ಮಣ್ಣನ್ನು ಓದುವಾಗ ಅಂಕಿಗಳ ಜೊತೆಗೆ ಆ ಜಾಗದ ಪೂರ್ವಚರಿತ್ರೆಯನ್ನೂ ಕೇಳಬೇಕಾಗುತ್ತದೆ.

ಮನುಷ್ಯ ಮುಟ್ಟದ ಮರುಭೂಮಿಯಲ್ಲಿ ಪೋಷಕಾಂಶಗಳು ಪೊದೆಗಳ ಬುಡದಲ್ಲಿ ಒಟ್ಟುಗೂಡಿರುತ್ತವೆ. ಉದುರಿದ ಎಲೆಯೂ ಗಾಳಿ ತಂದ ಧೂಳೂ ಅಲ್ಲಿ ತಂಗುವುದರಿಂದ ಸಾರಜನಕ ಮತ್ತು ಸಾವಯವ ಇಂಗಾಲ ಹೆಚ್ಚಿರುತ್ತವೆ, ಎರಡು ಹೆಜ್ಜೆ ಆಚೆಗೆ ಮಣ್ಣು ಬಡವಾಗಿರುತ್ತದೆ. ಇವನ್ನು ‘ಫಲವತ್ತತೆಯ ದ್ವೀಪ’ಗಳೆನ್ನುತ್ತಾರೆ. ಅಮೆರಿಕದ ಸೊನೋರನ್ ಮರುಭೂಮಿಯಲ್ಲಿ ಬೆಳೆದ ಫೀನಿಕ್ಸ್ ನಗರದಲ್ಲಿ 1997ರಲ್ಲಿ ಆರಂಭವಾದ ದೀರ್ಘಾವಧಿ ಪರಿಸರ ಅಧ್ಯಯನವು ನಗರದೊಳಗೆ ಈ ವಿನ್ಯಾಸ ಕದಡಿಹೋಗುವುದನ್ನು ಕಂಡಿತು; ಒಂದು ಜಾಗ ಹಿಂದೆ ಎಂದಾದರೂ ಹೊಲವಾಗಿತ್ತೇ ಎಂಬ ಸಂಗತಿಯೂ ಅಲ್ಲಿನ ಮಣ್ಣಿನ ಗುಣವನ್ನು ವಿವರಿಸುವ ಕಾರಣಗಳಲ್ಲಿ ಒಂದಾಯಿತು.

ಹುಲ್ಲುಹಾಸಿಗೆ ಹಾಯಿಸುವ ನೀರು ಸಾವಯವ ಇಂಗಾಲವನ್ನು ಹೆಚ್ಚಿಸುತ್ತದೆ, ಜೊತೆಗೆ ಲವಣವನ್ನೂ ತರುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ: ಲೀಟರಿಗೆ 600 ಮಿಲಿಗ್ರಾಂ ಲವಣವಿರುವ ನೀರನ್ನು ಚದರ ಮೀಟರಿಗೆ ವರ್ಷಕ್ಕೆ 1,000 ಲೀಟರಿನಂತೆ ಹಾಯಿಸಿದರೆ, ಆ ಒಂದು ಚದರ ಮೀಟರಿನ ಮೇಲೆ 600 ಗ್ರಾಂ ಲವಣ ಸುರಿದಂತೆ. ನೀರು ಆವಿಯಾಗುತ್ತದೆ, ಲವಣ ಆಗುವುದಿಲ್ಲ. ಅದರಲ್ಲಿ ಸೋಡಿಯಂ ಹೆಚ್ಚಿದ್ದರೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಮಣ್ಣು ಸವಳಾಗುತ್ತದೆ.

ಎಲ್ಲ ಧಾತುಗಳ ನೆನಪೂ ಒಂದೇ ಅವಧಿಯದಲ್ಲ. ನೈಟ್ರೇಟ್ ನೀರಿನೊಡನೆ ಇಳಿದುಹೋಗಬಲ್ಲದು. ಗೊಬ್ಬರದ ರಂಜಕವಾದರೋ ಕ್ಯಾಲ್ಸಿಯಂಗೆ ಅಂಟಿಕೊಂಡು, ಹೊಲ ಬಡಾವಣೆಯಾಗಿ ದಶಕಗಳು ಕಳೆದರೂ ಉಳಿದಿರುತ್ತದೆ. ಸೀಸ ಇನ್ನೂ ಹಟಮಾರಿ. ಪೆಟ್ರೋಲಿಗೆ 1923ರಿಂದ ಬೆರೆಸಲಾರಂಭಿಸಿದ ಸೀಸದ ಸಂಯುಕ್ತವನ್ನು ವಾಹನಗಳ ಇಂಧನದಲ್ಲಿ ಕೊನೆಯದಾಗಿ ಕೈಬಿಟ್ಟ ದೇಶ ಅಲ್ಜೀರಿಯ, ಅದೂ 2021ರಲ್ಲಿ. ರಸ್ತೆಬದಿಯ ಮೇಲ್ಮಣ್ಣಿನಲ್ಲಿ ಮಾತ್ರ ಅದರ ಶೇಷ ಇಂದಿಗೂ ಇದೆ. ಹಳೆಯ ಗೋಡೆಯ ಬುಡದಲ್ಲಿ ಬಣ್ಣದ ಹಕ್ಕಳೆಗಳು ಉದುರಿದ ಕಡೆಯೂ ಸೀಸ ಸಿಗುತ್ತದೆ. ಆದುದರಿಂದ ಮಾದರಿ ಸಂಗ್ರಹಿಸುವಾಗ ಗೋಡೆಬುಡದ ಮಣ್ಣನ್ನು ಅಂಗಳದ ನಡುವಿನ ಮಣ್ಣಿನೊಂದಿಗೆ ಬೆರೆಸಬಾರದು. ಬೆರೆಸಿದರೆ ಬರುವ ಸರಾಸರಿ ಎರಡು ಜಾಗಗಳಿಗೂ ಸಲ್ಲದ ಅಂಕಿಯಾಗುತ್ತದೆ.