ಹಗಲಲ್ಲಿ ಗೂಬೆಗೆ ಕಣ್ಣು ಕಾಣಲ್ವಲ್ಲ, ಹತ್ತಿರ ಕೂತು ಚಿತ್ರ ಬಿಡಿಸಬಹುದಾ?

ಗದಗ ಹತ್ತಿರದ ಬಿಂಕದಕಟ್ಟಿ ಝೂಗೋ, ಗಾಯಗೊಂಡ ಹಕ್ಕಿಗಳ ಆರೈಕೆ ಕೇಂದ್ರಕ್ಕೋ ಸ್ಕೆಚ್ ಪುಸ್ತಕ ಹಿಡಿದು ಹೊರಟವರು ಮೊದಲು ಕೇಳುವುದು ಇದನ್ನೇ. ಎಷ್ಟು ಸಲ ಉತ್ತರ ಬರೆದೆನೋ ಲೆಕ್ಕವಿಲ್ಲ. ಇನ್ನೊಮ್ಮೆ ಬರೆಯುತ್ತೇನೆ: ಹತ್ತಿರ ಹೋಗಬೇಡಿ. ಗೂಬೆಗೆ ಹಗಲಲ್ಲೂ ಚೆನ್ನಾಗಿಯೇ ಕಣ್ಣು ಕಾಣುತ್ತದೆ.

"ಗೂಗಿಗೆ ಹಗಲು ಕುರುಡು" ಅಂತ ನಮ್ಮ ಕಡೆ ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರೂ ಹೇಳುತ್ತಾರೆ. ನಂಬಬೇಡಿ. ಧಾರವಾಡದಲ್ಲಿ ಹಳೇ ಹುಣಸೆಮರದ ಪೊಟರೆ ಕಂಡರೆ ಮಟಮಟ ಮಧ್ಯಾಹ್ನ ಅದರೆದುರು ನಿಂತು ನೋಡಿ. ಒಳಗೆ ಹಾಲಕ್ಕಿ, ಅಂದರೆ ಚುಕ್ಕೆಗಳ ಪುಟ್ಟ ಗೂಬೆ ಇದ್ದರೆ, ನೀವು ಕಾಣುವ ಮೊದಲೇ ಅದು ನಿಮ್ಮನ್ನು ಕಂಡಿರುತ್ತದೆ. ತಲೆ ಮೇಲೆ ಕೆಳಗೆ ಕುಣಿಸುತ್ತಾ ನೀವು ಎಷ್ಟು ದೂರ ಇದ್ದೀರಿ ಅಂತ ಅಳೆಯುತ್ತದೆ. ಹಳದಿ ಕಣ್ಣಿನ ನಡುವಿನ ಕರಿ ಪಾಪೆ ಬಿಸಿಲಿಗೆ ಕಿರಿದಾಗುತ್ತದೆ. ಮೋಡ ಕವಿದರೆ ಮತ್ತೆ ಅಗಲ. ಬೆಳಕು ತಡೆಯಲಾರದ ಕಣ್ಣು ಹೀಗೆ ಮಾಡುತ್ತದಾ? ಇನ್ನು ಅರೆಗಣ್ಣು ಮುಚ್ಚಿ ಕೂರುವುದು ತೊಗಟೆಯ ಜೊತೆ ಬೆರೆತು ಅಡಗುವ ಉಪಾಯ. ಕಾಗೆಗಳ ಕಣ್ಣಿಗೆ ಬಿದ್ದರೆ ಬಿಡುವುದಿಲ್ಲ, ಅಲ್ವಾ?

ಪಂಜರದ ಹಕ್ಕಿಗೆ ಈ ತಪ್ಪು ನಂಬಿಕೆಯಿಂದ ಕಷ್ಟ ಜಾಸ್ತಿ. ರೆಕ್ಕೆ ಮುರಿದ ಗೂಬೆ ಪುಕ್ಕ ಬಿಗಿದು ಸಪೂರವಾಗಿ ನಿಂತರೆ "ಪೋಸ್ ಕೊಡ್ತಿದೆ" ಅಂತ ಖುಷಿಪಡುತ್ತಾರೆ. ಅದು ಹೆದರಿದೆ. ಹಾರಲಾರದ್ದಕ್ಕೆ ಅಲುಗಾಡದೆ ನಿಂತಿದೆ. ಸುಮ್ನೆ ಹಿಂದೆ ಸರಿಯಿರಿ. ಕೇಂದ್ರದವರು ಒಪ್ಪಿದರೆ ಮಾತ್ರ ಒಳಗೆ ಹೋಗಿ, ದೂರ ಕೂತು ಬೈನಾಕ್ಯುಲರ್‌ನಲ್ಲಿ ನೋಡಿ ಬಿಡಿಸಿ.

ಕಣ್ಣಿನ ಮಾತು ಬಂತಲ್ಲ, ಇನ್ನೊಂದು. ಗೂಬೆಯ ಕಣ್ಣುಗುಡ್ಡೆ ನಮ್ಮದರಂತೆ ಹೊರಳುವುದಿಲ್ಲ. ನೋಡಬೇಕಾದ ಕಡೆಗೆ ತಲೆಯೇ ತಿರುಗಬೇಕು. ಅದರ ಕುತ್ತಿಗೆಯಲ್ಲಿ 14 ಮೂಳೆ, ನಮಗೆ ಬರೀ 7. ಸುಮಾರು 270 ಡಿಗ್ರಿಯವರೆಗೆ ತಿರುಗಿಸುತ್ತದೆ. ಹಾಗಾಗಿ ಪಾಪೆಯನ್ನು ಕಣ್ಣಿನ ಮೂಲೆಗೆ ತಳ್ಳಿ ಬರೆಯಬೇಡಿ.

ಕಾಲಿನ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಹದ್ದಿನ ಮೊಣಕಾಲು ಹಿಂದಕ್ಕೆ ಬಗ್ಗುತ್ತದೆ ಅಂತ ಬಿಡಿಸಿ ತರುತ್ತಾರೆ. ಅದು ಪಾದದ ಗಂಟು. ಮೊಣಕಾಲು ಮೇಲೆ, ಪುಕ್ಕದೊಳಗಿದೆ. ಕೊಂಬೆ ಹಿಡಿದ ಹದ್ದಿಗೆ ಮೂರು ಬೆರಳು ಮುಂದೆ, ಒಂದು ಹಿಂದೆ. ಗೂಬೆ ಹೊರಬೆರಳನ್ನೂ ಹಿಂದಕ್ಕೆ ತಿರುಗಿಸಿ ಎರಡೆರಡು ಮಾಡಿಕೊಳ್ಳುತ್ತದೆ. ಕಳೆದ ವಾರ ನನ್ನ ಹತ್ತಿರ ಕಲಿಯುವ ಹುಡುಗಿಯೊಬ್ಬಳು ಎರಡರ ಪಂಜವನ್ನೂ ಪಕ್ಕಪಕ್ಕ ಬಿಡಿಸಿ ತಂದಳು. ಮುಖ ಇನ್ನೂ ಬರೆದಿರಲಿಲ್ಲ. ಯಾವುದು ಹದ್ದು, ಯಾವುದು ಗೂಬೆ ಅಂತ ನಾನು ಕೇಳಬೇಕಾಗಲಿಲ್ಲ.